ನೆಟ್ಟಗ ನಿಂತ ಹವಾಲ್ದಾರರು

ಹವಾಲ್ದಾರರ ಅಂಗವಿಕಲರ ಪಿಂಚಣಿ ತಡದವರು ದಿಲ್ಲಿಯವರಲ್ಲ, ಡಾಕ್ಟರೂ ಅಲ್ಲ. ಅವರೇ ತಡದರು. ಡಾಕ್ಟರ ಮುಂದ ನೆಟ್ಟಗ ನಿಂತು ತಡದರು. ಈಗ ಅವರು ತೀರಿಕೊಂಡ ಮ್ಯಾಲೆ ನಮ್ಮ ಓಣಿಯಾಗ ಒಬ್ಬೊಬ್ಬರು ಒಂದೊಂದು ಕತಿ ಕಟ್ಟಾಕ ಹತ್ಯಾರ. ಸರಕಾರ ಅನ್ಯಾಯ ಮಾಡಿತು ಅಂತಾರ, ಹಣೆಬರಹ ಅಂತಾರ. ನಾನು ಅವರ ಎದುರಮನಿಯಾಕಿ. ಎಲ್ಲಾ ನೋಡೇನಿ. ಆಗಿದ್ದು ನಾ ಹೇಳಿದಷ್ಟ.

ಅವರು ಫೌಜು ಬಿಟ್ಟು ಮುನವಳ್ಳಿಗೆ ಬಂದ ದಿನ ನಾನು ಅಂಗಳದಾಗ ಜ್ವಾಳ ಹಸನ ಮಾಡಾಕ ಹತ್ತಿದ್ದೆ. ಟಂಟಂ ಬಂದು ನಿಂತಿತು. ಮೊದಲು ಇಳಿದದ್ದು ಒಂದು ಕರೀ ಟ್ರಂಕು. ಆಮ್ಯಾಲೆ ಹೆಂಡತಿ. ಆಮ್ಯಾಲೆ ಮುಖ ಕಾಣೂವಂಗ ಪಾಲಿಶ್ ಮಾಡಿದ ಒಂದು ಬೂಟು. ಎರಡನೇ ಬೂಟು ಇಳಿಯಾಕ ಭಾಳ ಹೊತ್ತು ಹಿಡೀತು. ಎಡಗಾಲು ಮಡಚತಿರಲಿಲ್ಲ. ಅದನ್ನ ಎರಡೂ ಕೈಯಿಂದ ಎತ್ತಿ ಹೊರಗಿಟ್ಟು, ಆಮ್ಯಾಲೆ ತಾವು ಇಳಿದರು. ನಾನು ಮೊರ ಕೆಳಗಿಟ್ಟು ಕೈ ಕೊಡಾಕ ಹ್ವಾದೆ.

"ಬ್ಯಾಡ್ರಿ ಅಕ್ಕಾರ, ನಾ ಠೀಕ್ ಅದೇನಿ" ಅಂದರು.

ಹಣಿ ಮ್ಯಾಲೆ ಬೆವರು ಇಳಿಯಾಕ ಹತ್ತಿತ್ತು. ಠೀಕ್ ಇದ್ದವರಿಗೆ ಸಂಕ್ರಾಂತಿ ಥಂಡಿಯಾಗ ಬೆವರು ಬರೂದಿಲ್ಲ.

ಆ "ಠೀಕ್ ಅದೇನಿ" ಅನ್ನೂದೇ ಅವರಿಗೆ ಹತ್ತಿದ ಜಡ್ಡು. ಕಾಲಿನ ಜಡ್ಡು ಆಮ್ಯಾಲಿಂದು.

ಕಾಲು ಹೆಂಗ ಕೆಟ್ಟಿತು ಅಂತ ಊರ ಮಂದಿ ಕೇಳತಿದ್ದರು. ಎಲ್ಲಾರಿಗೂ ಗುಂಡು ಬೇಕಾಗಿತ್ತು. ಒಂದು ವರ್ಷ ಆಗಸ್ಟ್ ಹದಿನೈದಕ್ಕ ಸಾಲಿಯವರು ಇವರನ್ನ ಕರದರು. ಹೆಡ್ಮಾಸ್ತರು ಮೈಕು ಹಿಡದು, "ವೈರಿಯ ಗುಂಡಿಗೆ ಎದೆಯೊಡ್ಡಿದ ವೀರಯೋಧರು" ಅಂತ ಶುರು ಮಾಡಿದರು. ಹವಾಲ್ದಾರರು ಎದ್ದು ಹೋಗಿ ಮೈಕು ಇಸಗೊಂಡರು. "ಮಕ್ಕಳ, ಗುಂಡಲ್ಲ. ಗೋದಿಹಿಟ್ಟಿನ ಚೀಲ. ಮತ್ತ ಎದಿಗೆ ಬಡೀಲಿಲ್ಲ, ಸೊಂಟದ ಚಪ್ಪಿಗೆ ಮತ್ತ ಮೊಣಕಾಲಿಗೆ ಬಡೀತು. ಜೈ ಹಿಂದ್" ಅಂದು ಬಂದು ಕುಂತರು. ಹುಡುಗರು ನಕ್ಕರು. ಮಾಸ್ತರರ ಮುಖ ಸಣ್ಣ ಆತು. ಮುಂದಿನ ವರ್ಷ ಕರೀಲಿಲ್ಲ. ಕರೀದಿದ್ದರೂ ಇವರು ಹ್ವಾದರು. ಸಾಲಿ ಕಂಪೌಂಡಿನ ಹೊರಗ ನಿಂತು ಝಂಡಾಕ್ಕ ಸಲಾಮು ಮಾಡಿ ತಿರುಗಿ ಬಂದರು. ಸುಳ್ಳು ಹೇಳಿ ಹಾರ ಹಾಕಿಸಿಕೊಳ್ಳೂದು ಭಾಳ ಸಸಾರ. ಖರೇ ಹೇಳಿ ಹೊರಗ ನಿಂತವರನ್ನ ನಾ ನೋಡಿದ್ದು ಅವರೊಬ್ಬರನ್ನ.

ಚೀಲದ ಕತಿ ಇಷ್ಟ. ಬರ್ಫ ಬೀಳೂ ಗುಡ್ಡದ ಸೀಮಿ. ಚಳಿಗಾಲಕ್ಕ ದಾರಿ ಮುಚ್ಚೂದರೊಳಗ ರೇಶನ್ ಮ್ಯಾಲೆ ಏರಸಬೇಕು. ಇದ್ದವರು ನಾಕು ಮಂದಿ. ಲಾರಿಯಿಂದ ಚೀಲ ಇಳಸೂವಾಗ ಇವರ ಕಾಲು ಜಾರಿತು, ಥಪ್ಪಿ ಒಟ್ಟಿದ ಚೀಲ ಮ್ಯಾಲೆ ಬಿದ್ದವು. ಎದ್ದರು. ದವಾಖಾನಿಗೆ ಹೋಗಿ ಬರಸಬೇಕಿತ್ತು. ಹೋಗಲಿಲ್ಲ. ತಾವು ಮಲಗಿದರ ಉಳದ ಮೂವರು ಸಾಯತಾರ ಅಂತ ಕಾಲಿಗೆ ಪಟ್ಟಿ ಸುತ್ತಿಕೊಂಡು ದಾರಿ ಮುಚ್ಚೂತನಕ ಚೀಲ ಹೊತ್ತರು. ಗುಳಿಗಿ ನುಂಗಿದರು. ಎಲ್ಲಿಯೂ ಒಂದಕ್ಷರ ದಾಖಲ ಆಗಲಿಲ್ಲ. ನಾಕು ವರ್ಷ ಬಿಟ್ಟು ಫೌಜಿನಿಂದ ಬಿಡುಗಡಿ ಆಗೂವಾಗ ಡಾಕ್ಟರ ಬೋರ್ಡು ಕುಂತಿತು. "ಏನು ತ್ರಾಸ ಐತಿ?" ಅಂತ ಕೇಳಿದರು. ಇವರು ಎದಿ ಉಬ್ಬಿಸಿ ನೆಟ್ಟಗ ನಿಂತು, "ಕುಛ್ ನಹೀ ಸಾಬ್" ಅಂದರು. ಸಾಬರು ಪಾಪ, ಹೇಳಿದ್ದನ್ನ ಬರದರು.

ಹೆಂಡತಿ ಬಡಕೊಂಡು ಬಡಕೊಂಡು ಒಂದು ಅರ್ಜಿ ಹಾಕಿಸಿದಳು. ಆಕಿ ಪಿಯುಸಿ ಕಲಿತಾಕಿ, ಅಕ್ಷರ ಮುತ್ತು ಪೋಣಿಸಿದಂಗ. ತಿರುಗಿ ಬಂದ ಉತ್ತರದಾಗ ಒಂದು ಸಾಲು ಇತ್ತು. ಈ ಕಾಲಿನ ಬ್ಯಾನಿಗೂ ಫೌಜಿನ ನೌಕರಿಗೂ ಸಂಬಂಧ ಇಲ್ಲ ಅಂತ. ಹವಾಲ್ದಾರರು ಅದನ್ನ ಮಡಚಿ ಟ್ರಂಕಿನ ತಳದಾಗ ಇಟ್ಟರು. ಸಾದಾ ಪಿಂಚಣಿ ಬರತಿತ್ತು, ಊಟಕ್ಕ ಕಡಿಮಿ ಇರಲಿಲ್ಲ. ಆದರ ಆ ಸಾಲು ಅವರ ಒಳಗ ಮುಳ್ಳಿನಂಗ ಮುರದು ಕುಂತಿತ್ತು. ಒಂದು ಸಲ ನನ್ನ ಮುಂದ ಅಂದಿದ್ದರು: "ಅಕ್ಕಾರ, ರೊಕ್ಕ ಕೊಡಬ್ಯಾಡ್ರಿ ಅಂತ ನಾನೇ ಬರಕೊಡತೇನಿ. ಆ 'ಸಂಬಂಧ ಇಲ್ಲ' ಅನ್ನೂದೊಂದು ಹೊಡದು ಹಾಕಲಿ. ಹಂಗಂದ್ರ ನಾ ಚೀಲ ಹೊತ್ತೇ ಇಲ್ಲ ಅಂದಂಗ ಆತಲ್ಲ."

"ಹಂಗಾದ್ರ ಇನ್ನೊಂದು ಅರ್ಜಿ ಹಾಕ್ರಿ" ಅಂದೆ.

"ನಾ ಬೇಡೂದಿಲ್ಲ" ಅಂದರು.

ತಮ್ಮ ಸಲುವಾಗಿ ಬೇಡದ ಮನಶ್ಯಾ ಮಂದಿ ಸಲುವಾಗಿ ಕಾಯಿದೆ ಎಲ್ಲಾ ಕಲತರು. ಹೆಂಗ ಶುರು ಆತೋ ಗೊತ್ತಿಲ್ಲ. ಯಾರೋ ಒಬ್ಬರು ಕಾಗದ ತೋರಸಾಕ ಬಂದರು, ಅವರು ಇನ್ನೊಬ್ಬರಿಗೆ ಹೇಳಿದರು. ಆಮ್ಯಾಲೆ ಆಯಿತವಾರ ಬಂತಂದ್ರ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಲ್ಲಾ ಕಡಿಯಿಂದ ಪ್ಲಾಸ್ಟಿಕ್ ಚೀಲದಾಗ ಕಾಗದ ಸುತ್ತಿಕೊಂಡು ಮಾಜಿ ಫೌಜಿಗಳು ನಮ್ಮ ಓಣಿಗೆ ಬರಾಕ ಹತ್ತಿದರು. ಕಟ್ಟಿ ಮ್ಯಾಲೆ ಹವಾಲ್ದಾರರು ಖುರ್ಚಿ ಹಾಕಿ ಕುಂದರೋರು. ಹೆಂಡತಿ ಬಾಗಲದಾಗ ಚಾಪಿ ಹಾಸಿ ಬರಕೊಳ್ಳಾಕಿ. ಬಿಡುಗಡಿ ಬುಕ್ಕಿನಾಗ ಒಂದು ಹೆಸರು, ಬ್ಯಾಂಕಿನಾಗ ಇನ್ನೊಂದು ಹೆಸರು ಇದ್ದರ ಅಲ್ಲೇ ಬೈಗಳ. ಪ್ರತಿ ಕಾಗದಕ್ಕ ಮೂರು ಝೆರಾಕ್ಸು ಮಾಡಸೋರು. "ಒಂದು ಅವರಿಗೆ, ಒಂದು ನಿಮಗ, ಒಂದು ಅವರು ಕಳಕೊಂಡಾಗ ಕೊಡಾಕ" ಅನ್ನೋರು.

ಕಾಗದಕ್ಕಿಂತ ದೊಡ್ಡ ಕೆಲಸ ತಾಲೀಮು. ನಮ್ಮ ಬೇವಿನ ಗಿಡದಿಂದ ಅವರ ಕಟ್ಟಿತನಕ ಹದಿನೈದು ಹೆಜ್ಜಿ. ಬಂದವರು ಗಿಡದ ಬುಡದಿಂದ ನಡಕೊಂತ ಬರಬೇಕು, ಹವಾಲ್ದಾರರು ಹೆಂಡತಿ ಚಾಳೀಸು ಮೂಗಿಗೇರಿಸಿಕೊಂಡು ಬೋರ್ಡಿನ ಡಾಕ್ಟರ ಆಗಿ ಕುಂದರೋರು. ಬಂದವರೆಲ್ಲಾ ಒಂದ ತಪ್ಪು ಮಾಡತಿದ್ದರು. ಎದಿ ಮುಂದ ಮಾಡಿ ಪರೇಡಿಗೆ ಬಂದಂಗ ಬರತಿದ್ದರು.

"ಕೆಲಸ ಕೆಟ್ಟಿತು" ಅನ್ನೋರು ಹವಾಲ್ದಾರರು. "ತಿರುಗಿ ಹೋಗ್ರಿ. ಮನ್ಯಾಗ ನಡದಂಗ ನಡಕೊಂಡ ಬರ್ರಿ. ಅಂಗಿ ಗುಂಡಿ ಯಾರು ಹಾಕ್ತಾರ?"

ಬಂದಾತ ನೆಲ ನೋಡತಿದ್ದ. "ಹೆಂಡತಿ ಸಾಬ್."

"ಅದನ್ನ ಹೇಳ್ರಿ! ನಾಚಿಕಿ ಆಗತೈತಿ? ಆಗಲಿ. ನೋವು ಕಾಗದದ ಮ್ಯಾಲೆ ಬರಬೇಕು. ಬರಲಿಲ್ಲ ಅಂದ್ರ ಅದು ಆಗೇ ಇಲ್ಲ."

ಬಾಗಲದಾಗ ಕುಂತ ಹೆಂಡತಿ ಪೆನ್ನು ನಿಂದರಿಸಿ ನನ್ನ ಕಡಿ ನೋಡತಿದ್ದಳು. ನಾನೂ ಆಕಿ ಕಡಿ ನೋಡತಿದ್ದೆ.

ಕಿತ್ತೂರು ಕಡಿಯ ಒಬ್ಬಾತ ಬರತಿದ್ದ. ತೋಪಿನ ಸಪ್ಪಳಕ್ಕ ಎರಡೂ ಕಿವಿ ಹೋಗಿದ್ವು. ಹವಾಲ್ದಾರರು ಅವನಿಗೆ ಒದರಿ ಹೇಳಿ ಹೇಳಿ ಅವನ ಕೇಸು ಓಣಿಗೆಲ್ಲಾ ಬಾಯಿಪಾಠ ಆಗಿತ್ತು. ಅವನ ಬೋರ್ಡು ಒಮ್ಮೆ ಆಗಿ ಬಿದ್ದು ಹೋಗಿತ್ತು. ಯಾಕಂದ್ರ ಡಾಕ್ಟರ ಕೇಳಿದ್ದಕ್ಕೆಲ್ಲಾ ಇವನು ಮರ್ಯಾದಿಗೆ "ಹೂಂ ಸಾಬ್, ಹೂಂ ಸಾಬ್" ಅಂತ ಗೋಣು ಹಾಕಿದ್ದ. ಕೇಳಿಸಿತು ಅಂತ ಬರಕೊಂಡರು. ದೊಡ್ಡವರಿಗೆ ಇಲ್ಲ ಅನ್ನೂದು ಈ ಫೌಜಿಗಳಿಗೆ ಯಾರೂ ಕಲಿಸಿಲ್ಲ. ಹವಾಲ್ದಾರರು ಅವನನ್ನ ಎದುರು ಕುಂದ್ರಿಸಿಕೊಂಡು ಮೂರು ಆಯಿತವಾರ ಬರೇ ಒಂದು ಮಾತು ಕಲಿಸಿದರು: "ಕೇಳಿಸಲಿಲ್ಲ ಸಾಬ್." ಕಡೀಕ ಅವನಿಗೆ ಮಂಜೂರಾತು.

ಸುಳ್ಳರೂ ಬರತಿದ್ದರು. ಒಬ್ಬಾತ ಭಾರೀ ಕುಂಟಿಕೊಂತ ಬಂದ, ತಾಲೀಮು ಮುಗಿಸಿ ನೀರು ಕುಡದು ಹೊಂಟ. ಹವಾಲ್ದಾರರು ಹಿಂದಿಂದ ಕರದು ಅವನ ಫೈಲು ಅವನ ಕೈಯಾಗ ಇಟ್ಟರು. "ಬರೂವಾಗ ಎಡಗಾಲು ಕುಂಟತಿದ್ರಿ, ಹೋಗೂವಾಗ ಬಲಗಾಲು. ಮೊದಲು ಒಂದು ಕಾಲು ಗಟ್ಟಿ ಮಾಡಿಕೊಂಡು ಬರ್ರಿ." ಆತ ನೆಟ್ಟಗ ಓಡಿದ. ಅವತ್ತು ನಾ ಹೊಟ್ಟಿ ಹಿಡಕೊಂಡು ನಕ್ಕಿದ್ದೆ.

ಹೊಗಳಾಕ ಕುಂತೇನಿ ಅಂತ ಅವರನ್ನ ದೇವರು ಮಾಡೂದಿಲ್ಲ. ಸಿಟ್ಟು ಮೂಗಿನ ತುದಿಗೆ ಇತ್ತು. ಚಹಾ ಆರಿದ್ದರ ಲೋಟ ಹಂಗ ಇಡೋರು. ದಿನಾ ಮುಂಜಾನಿ ಎರಡೂ ಬೂಟಿಗೆ ಪಾಲಿಶು. ಎಡಗಾಲಿನ ಬೂಟು ನೆಲಕ್ಕ ತಿಕ್ಕಿ ತಿಕ್ಕಿ ಮೂತಿ ಸವದು ಬೆರಳು ಇಣುಕತಿತ್ತು. ಆ ತೂತಿಗೂ ಪಾಲಿಶು. "ಹೊಸಾದು ತಗೋರಿ" ಅಂದ್ರ, "ಇದಕ್ಕ ಏನಾಗೈತಿ, ಠೀಕ್ ಐತಿ" ಅನ್ನೋರು.

ಕಿವಿ ಹೋದಾತನ ಮಂಜೂರಾತಿ ಬಂದ ದಿನ ಆತ ಪೇಢೆ ತಗೊಂಡು ಬಂದ. ಹವಾಲ್ದಾರರು ಒಂದು ಬಾಯಿಗೆ ಹಾಕಿಕೊಂಡರು. ಆತ ಕಿವುಡರ ಗಂಟಲಿನ್ಯಾಗ ಓಣಿಗೆಲ್ಲಾ ಕೇಳೂವಂಗ, "ಸಾಬ್, ನಿಮ್ಮದು ಎಲ್ಲಿಗೆ ಬಂತು?" ಅಂದ.

"ನಂದೇನಿಲ್ಲ. ನಾ ಠೀಕ್ ಅದೇನಿ."

"ಏನಂದ್ರಿ?"

"ನಾ ಠೀಕ್ ಅದೇನಿ!"

"ಕೇಳಿಸಲಿಲ್ಲ ಸಾಬ್" ಅಂದ ಆತ. ಮತ್ತ ಒದರಿದರು. ಮತ್ತ "ಕೇಳಿಸಲಿಲ್ಲ ಸಾಬ್." ಆತಗ ತುಟಿ ನೋಡಿ ತಿಳಕೊಳ್ಳಾಕ ಬರತಿತ್ತು, ಅದು ಹವಾಲ್ದಾರರಿಗೂ ಗೊತ್ತಿತ್ತು. ಐದಾರು ಸಲ ಹಿಂಗ ಆತು. ಆಗ ನಾನು ನಮ್ಮ ಕಟ್ಟಿ ಮ್ಯಾಲಿಂದ ಅಂದೆ, "ಊರಿಗೆಲ್ಲಾ ನಾಚಿಕಿ ಬಿಡ್ರಿ ಅಂತೀರಿ. ನಿಮ್ಮ ನಾಚಿಕಿ ಏನು ಬಂಗಾರದ್ದೇನು?" ಹೆಂಡತಿ ಒಂದು ಹೊಸ ಹಾಳಿ ತಗದು ಚಾಪಿ ಮ್ಯಾಲೆ ಇಟ್ಟಳು. ಅವರು ಆ ಹಾಳಿ ಭಾಳ ಹೊತ್ತು ನೋಡಿದರು. ಆಮ್ಯಾಲೆ, "ಬರಕೋ" ಅಂದರು.

ಸಾಕ್ಷಿ ಬೇಕಲ್ಲ. ಅವತ್ತಿನ ನಾಕು ಮಂದಿಯಾಗ ಒಬ್ಬರು ಪಂಜಾಬದಾಗ ಒಕ್ಕಲುತನ ಮಾಡಿಕೊಂಡಿದ್ದರು. ಹುಡುಕಿ ಹುಡುಕಿ ಫೋನು ಹಚ್ಚಿದರು. ಆತ ಹಿಂದಿಯಾಗ ಎರಡು ಹಾಳಿ ಬರದು ಕಳಿಸಿದ. ಹೆಂಡತಿ ನನಗ ಓದಿ ಹೇಳಿದಳು. ಚೀಲ ಬಿದ್ದದ್ದು, ಪಟ್ಟಿ ಸುತ್ತಿದ್ದು, ಎಲ್ಲಾ ಇತ್ತು. ಕಡೀಗೆ, "ಅವರು ಅವತ್ತು ಮಲಗಿದ್ದರ ಇವತ್ತು ಈ ಚೀಟಿ ಬರಿಯಾಕ ನಾ ಇರತಿರಲಿಲ್ಲ" ಅಂತಿತ್ತು. ಹವಾಲ್ದಾರರು ಒಳಗ ಹೋಗಿ ಬೂಟು ಪಾಲಿಶ್ ಮಾಡಿದರು. ಮುಂಜಾನಿ ಒಮ್ಮೆ ಮಾಡಿದ್ದರು.

ಮತ್ತೊಮ್ಮೆ ಬೋರ್ಡು ಕುಂದರತೈತಿ ಅಂತ ಕಾಗದ ಬಂತು. ಹಿಂದಿನ ದಿನ ಹೆಂಡತಿ ನಮ್ಮ ಮನಿಗೆ ಬಂದಳು. "ಅಕ್ಕಾರ, ನೀವೂ ಬರ್ರಿ. ಅಲ್ಲಿ ನಾ ಬಾಯಿ ತಗದ್ರ ಇವರು ಕಣ್ಣು ತಗೀತಾರ. ನಿಮಗ ಅಂಜತಾರ."

"ಅಂಜೂದಿಲ್ಲ ಅವರು. ನಾ ಅಂಜೂದಿಲ್ಲ, ಅಷ್ಟ" ಅಂದೆ. ರೊಟ್ಟಿ ಕಟ್ಟಿಕೊಂಡು ಮೂವರೂ ಬಸ್ಸು ಹತ್ತಿದಿವಿ.

ದೊಡ್ಡ ಊರಿನ ಫೌಜಿ ದವಾಖಾನಿ. ನೆಲ ಎಷ್ಟು ಸ್ವಚ್ಛ ಅಂದ್ರ ನಾ ಚಪ್ಪಲಿ ಕೈಯಾಗ ಹಿಡಕೊಂಡೆ. ಬಸ್ಸಿನಾಗ ದಾರಿತುಂಬ ನಾ ಅವರಿಗೆ ತಾಲೀಮು ಮಾಡಿಸಿದ್ದೆ, ಅವರದೇ ಮಾತು ಅವರಿಗೆ ಹೇಳಿ. ಗೋಣು ಹಾಕಿದ್ದರು. ಹೆಸರು ಕೂಗಿದರು. ಬಾಗಲ ತೆರದಿತ್ತು. ಒಳಗ ಮೂರು ಮಂದಿ ಡಾಕ್ಟರು, ನಡುವಿನಾಕಿ ಹೆಣ್ಣಮಗಳು, ಭುಜದ ಮ್ಯಾಲೆ ದೊಡ್ಡ ಅಫೀಸರ ಬಿಲ್ಲೆ. ಹವಾಲ್ದಾರರು ಆ ಬಿಲ್ಲೆ ನೋಡಿದರು. ಅಷ್ಟ. ಕೈಯಾಗಿನ ಬಡಿಗಿ ಗ್ವಾಡಿಗೆ ಆನಿಸಿದರು, ಎದಿ ಉಬ್ಬಿಸಿದರು, ಹಲ್ಲು ಕಚ್ಚಿ ಎಂಟು ಹೆಜ್ಜಿ ನಡದು ಹೋಗಿ ನೆಟ್ಟಗ ನಿಂತು ಸಲಾಮು ಹೊಡದರು.

ಹೆಂಡತಿ ಸೆರಗು ಬಾಯಿಗೆ ಇಟ್ಟುಕೊಂಡಳು. "ಹೋತು" ಅಂದಳು.

ಡಾಕ್ಟರಬಾಯಿ, "ಕೋಯಿ ತಕಲೀಫ್?" ಅಂತ ತ್ರಾಸ ಕೇಳಿದರು. ಇವರ ಬಾಯಿ ತೆರೀತು. ಏನು ಬರತೈತಿ ಅಂತ ನನಗ ಗೊತ್ತಿತ್ತು. ನಾ ಚಪ್ಪಲಿ ಕೈಯಾಗ ಹಿಡಕೊಂಡೇ ಒಳಗ ಹ್ವಾದೆ.

"ಬಾಯಾರ, ಈ ಮನಶ್ಯಾ ಸುಳ್ಳು ಹೇಳತಾನ" ಅಂದೆ.

ಅವರಿಗೆ ಕನ್ನಡ ಬರತಿತ್ತು. "ನೀವು ಯಾರು?"

"ಎದುರಮನಿ ಮುದಿಕಿ. ಇವನು ಫೌಜಿನಿಂದ ಬಂದ ದಿನದಿಂದ ನೋಡೇನಿ. ಮುಂಜಾನಿ ಚೌಕಟ್ಟ ಹಿಡದು ಎಳಕೊಂಡು ಹೊರಗ ಬರತಾನ. ಎಡಗಾಲಿನ ಕಾಲುಚೀಲ ಹೆಂಡತಿ ಹಾಕತಾಳ. ನೆಲಕ್ಕ ಕುಂತು ಉಂಡಿದ್ದು ನಾ ಒಂದು ದಿನ ನೋಡಿಲ್ಲ. ಲಿಂಗಪೂಜಾ ಸುದ್ದಾ ಖುರ್ಚಿ ಮ್ಯಾಲೆ. ಬರೇ ನಿಂದ್ರಾಕ ಬರತೈತಿ ಇವನಿಗೆ. ನಿಂದ್ರಿಸಿ ನೋಡಬ್ಯಾಡ್ರಿ, ಕುಂದ್ರಿಸಿ ನೋಡ್ರಿ."

ಹವಾಲ್ದಾರರ ಕಿವಿ ಕೆಂಪಗಾಗಿದ್ದವು. ನನ್ನ ಕಡಿ ತಿರುಗಿ ನೋಡಲಿಲ್ಲ, ನೆಟ್ಟಗ ನಿಂತವರು ತಿರುಗಬಾರದಲ್ಲ. ಡಾಕ್ಟರಬಾಯಿ ನನ್ನನ್ನ ಹೊರಗ ಹಾಕಸತಾರ ಅಂದುಕೊಂಡಿದ್ದೆ. ಅವರು ಪೆನ್ನು ಕೆಳಗಿಟ್ಟು, ಗಟ್ಟಿ ದನಿಯಾಗ, "ಹವಾಲ್ದಾರ್, ನೀಚೇ ಬೈಠ್" ಅಂದರು. ನೆಲದ ಮ್ಯಾಲೆ ಕುಂದರು ಅಂತ.

ಅದು ಹುಕುಂ. ಹುಕುಂ ಮುರಿಯೂದು ಅವರಿಗೆ ಗೊತ್ತಿರಲಿಲ್ಲ. ಬಲಗಾಲು ಮಡಚಿದರು. ಎಡಗಾಲು ಮುಂದ ಕಟ್ಟಿಗಿಯಂಗ ಚಾಚಿ ನಿಂತಿತು. ಅರ್ಧಕ್ಕ ಇಳಿದರು. ಮೇಜಿನ ತುದಿ ಹಿಡಿಯಾಕ ಕೈ ಹೋತು, ಹಿಡೀಲಿಲ್ಲ, ಕೈ ಹಿಂದ ತಗೊಂಡರು. ಅಲ್ಲೇ ತೂಗಾಡಕೊಂತ, ಭಾಳ ಸಣ್ಣ ದನಿಯಾಗ ಅಂದರು:

"ನಹೀ ಹೋತಾ, ಸಾಬ್."

ಆಗೂದಿಲ್ಲ ಅಂದರು. ಅವರ ಬಾಯಾಗ ಆ ಮಾತು ನಾ ಕೇಳಿದ್ದು ಅದೊಂದ ಸಲ. ಡಾಕ್ಟರಬಾಯಿ ತಾವೇ ಎದ್ದು ಬಂದು ಖುರ್ಚಿ ಕೊಟ್ಟರು.

ತಿರುಗಿ ಬರೂವಾಗ ಬಸ್ಸಿನಾಗ ಅವರು ಮುಂದ ಕುಂತರು, ನಾವಿಬ್ಬರೂ ಹಿಂದ. ರೊಟ್ಟಿ ಮುಟ್ಟಲಿಲ್ಲ. ಮುಂದ ಎಷ್ಟೋ ತಿಂಗಳು ನನ್ನ ಸಂಗಾಟ ಮಾತಿಲ್ಲ. ನಾನೂ ಮಾತಾಡಸಲಿಲ್ಲ. ತಪ್ಪು ಮಾಡೇನಿ ಅಂತ ನನಗ ಒಂದು ದಿನಾನೂ ಅನಸಲಿಲ್ಲ.

ಒಂದು ಸಂಜಿ ಹವಾಲ್ದಾರರು ನಮ್ಮ ಬಾಗಲಕ್ಕ ಬಂದು ನಿಂತರು. ಕೈಯಾಗ ಕಾಗದ. "ಅಕ್ಕಾರ, ಒಂದು ಕಪ್ಪು ಚಹಾ ಮಾಡ್ರಿ" ಅಂದರು. ಕಾಗದ ನನ್ನ ಕೈಯಾಗ ಕೊಟ್ಟರು. ನಾನು ಮೂರನೇ ಇಯತ್ತೆ ಕಲಿತಾಕಿ, ಅದು ಇಂಗ್ಲಿಷಿನ್ಯಾಗ ಇತ್ತು. ತಿರುವಿ ಮುರುವಿ ನೋಡಿ, "ಏನಂತೈತಿ?" ಅಂದೆ.

"ಸಂಬಂಧ ಐತಿ ಅಂತೈತಿ."

ಖುರ್ಚಿ ಕೊಟ್ಟೆ. ಕುಂತರು. ಚಹಾ ಬಿಸಿ ಇತ್ತು. ಅರ್ಧ ಕುಡದು ಅಂದರು, "ಅಲ್ಲಿ ನೀವು ನನಗ 'ಈ ಮನಶ್ಯಾ' ಅಂದ್ರಿ. 'ಇವನು' ಅಂದ್ರಿ."

"ಅಂದೆ."

"ಛಲೋ ಮಾಡಿದ್ರಿ."

ಅವರು ಹೇಳಿದ ಉಪಕಾರ ಅಷ್ಟ. ನನಗ ಅಷ್ಟು ಸಾಕಾತು. ಆ ಕಾಗದಾನೂ ಟ್ರಂಕಿನಾಗ ಹ್ವಾತು. ಮುಂದಿನ ಆಯಿತವಾರ ಮತ್ತ ಕಟ್ಟಿ ಮ್ಯಾಲೆ ಖುರ್ಚಿ ಬಂತು.

ಮೊನ್ನೆ ಹೋದರು. ಎದಿಬ್ಯಾನಿ ಬಂದು ಗಳಿಗಿಯೊಳಗ ಹೋದರು, ಯಾರ ಕೈಯಾಗೂ ಸೇವಾ ಮಾಡಿಸಿಕೊಳ್ಳಲಿಲ್ಲ. ನಮ್ಮೊಳಗ ಹೋದವರನ್ನ ಕುಂದ್ರಸತಾರ, ಮಣ್ಣಾಗೂ ಕುಂದ್ರಿಸೇ ಇಡತಾರ. ಗ್ವಾಡಿಗೆ ಆನಿಸಿ ಕುಂದ್ರಿಸಿದರು. ಬಲಗಾಲು ಮಡಚಿತು, ಎಡಗಾಲು ಬರಲಿಲ್ಲ. ಗಂಡಸರು ಇಬ್ಬರು ಒತ್ತಿ ನೋಡಿದರು. ಅಯ್ಯನವರು, "ಬಿಡ್ರಪಾ, ಚಾಚಿರಲಿ. ಶಿವಾ ಏನೂ ಅನ್ನೂದಿಲ್ಲ" ಅಂದರು. ಆ ಕಾಲಿನ ಸಲುವಾಗಿ ತಗ್ಗು ಮತ್ತೊಮ್ಮೆ ಅಗದು ಉದ್ದ ಮಾಡಬೇಕಾತು.

"ಸಂಬಂಧ ಇಲ್ಲ ಅಂತ ಬರದವರು ಇದನ್ನ ನೋಡಬೇಕಿತ್ತು" ಅಂದೆ ನಾನು. ಸುತ್ತಲಿನವರು ನನ್ನ ದುರುಗುಟ್ಟಿ ನೋಡಿದರು. ಹವಾಲ್ದಾರರ ಹೆಂಡತಿ ಅಳೂದು ಬಿಟ್ಟು ಒಂದು ಗಳಿಗಿ ನಕ್ಕಳು. ಆಮ್ಯಾಲೆ ಮತ್ತ ಅತ್ತಳು.

ಮಣ್ಣು ಮುಗಿಸಿ ಮನಿಗೆ ಬಂದಾಗ ಬೇವಿನ ಗಿಡದ ಕೆಳಗ ಒಬ್ಬಾತ ನಿಂತಿದ್ದ. ಚಚಡಿ ಅನ್ನೂ ಊರಾತ. ಬೆನ್ನು ಮುರದು ಫೌಜಿನಿಂದ ಬಂದಾತ. ಪ್ಲಾಸ್ಟಿಕ್ ಚೀಲ ಎದಿಗೆ ಹಿಡಕೊಂಡಿದ್ದ. ಯಾಕ ಬಂದಿ ಅಂತ ಕೇಳಿದೆ. ಮಂಗಳವಾರ ಅವನ ಬೋರ್ಡು. ಹವಾಲ್ದಾರರು ಹೋದ ಸುದ್ದಿ ಗೊತ್ತಿಲ್ಲದೇ ತಾಲೀಮಿಗೆ ಬಂದಿದ್ದ. "ತಪ್ಪಾತ್ರಿ ಆಯಿ, ಹೋಗತೇನಿ" ಅಂತ ಕೈ ಮುಗದ. ಬಗ್ಗಿ ಮುಗಿಯಾಕ ಆಗಲಿಲ್ಲ ಅವನಿಗೆ.

"ಎಲ್ಲಿ ಹೋಗ್ತಿ? ಸವದತ್ತಿಯಾಗ ಯಾರರ ಇದ್ದರ ಇವತ್ತು ಅಲ್ಲಿ ಇರು. ನಾಳೆ ಮುಂಜಾನಿ ಬಾ" ಅಂದೆ. ಹಿಂದಿಂದ ಹವಾಲ್ದಾರರ ಹೆಂಡತಿ, "ಝೆರಾಕ್ಸು ಮೂರು ತಗೊಂಡು ಬಾ" ಅಂದಳು.

ಮರುದಿನ ಮುಂಜಾನಿ ನಾನು ಅಂಗಳ ಸಾರಿಸಿ, ಚಹಾ ಕುಡದು, ಅವರ ಖುರ್ಚಿ ತಗದು ಅವರ ಕಟ್ಟಿ ಮ್ಯಾಲೆ ಹಾಕಿ ಕುಂತೆ. ನಿನ್ನೆ ಗಂಡನ್ನ ಮಣ್ಣಿಗಿಟ್ಟು ಬಂದಾಕಿ ಬಾಗಲದಾಗ ಚಾಪಿ ಹಾಸಿದಳು. ನೋಡಿದವರು ಏನಂದರೋ, ನಾ ಕೇಳಲಿಲ್ಲ. ಚಚಡಿಯಾತ ಗಿಡದಿಂದ ಎದಿ ಉಬ್ಬಿಸಿಕೊಂಡು ನಡಕೊಂತ ಬಂದ.

"ಕೆಲಸ ಕೆಟ್ಟಿತು" ಅಂದೆ. "ತಿರುಗಿ ಹೋಗು."

ಎರಡನೇ ಸಲಾನೂ ಹಂಗ ಬಂದ. ತಿರುಗಿ ಕಳಿಸಿದೆ. ಮೂರನೇ ಸಲ ನಾಕು ಹೆಜ್ಜಿಗೇ ನಿಂತ. ಆಚೆ ಈಚೆ ನೋಡಿದ. ಆಮ್ಯಾಲೆ ಕೈ ಚಾಚಿ ನಮ್ಮ ಮನಿ ಗ್ವಾಡಿ ಹಿಡಕೊಂಡ.

"ಹಾಂ" ಅಂದೆ. "ಇನ್ನ ಬಾ."